ಕೆಂಪು ಕಾರಿನ ಜಾತಕ

ವಿಲ್ಸನ್ ಗಾರ್ಡನ್ನಿನ ಆ ಅಡ್ಡರಸ್ತೆಯಲ್ಲಿ ಬೆಳಿಗ್ಗೆ ಎಂಟಕ್ಕೆಲ್ಲ ಶಟರುಗಳು ಮೇಲೇಳುತ್ತವೆ. ಒಂದು ಕಡೆ ಟಿಂಕರಿಂಗ್‌ನವನ ಸುತ್ತಿಗೆ ಸದ್ದು, ಇನ್ನೊಂದು ಕಡೆ ಥಿನ್ನರ್ ವಾಸನೆ, ನಡುವೆ ಬೈಟೂ ಕಾಫಿ ಹಿಡಿದು ಓಡಾಡುವ ಹುಡುಗ. ಮೂಲೆಯ ಗ್ಯಾರೇಜಿನಲ್ಲಿ ಕೆಂಪು ಹ್ಯಾಚ್‌ಬ್ಯಾಕ್ ಒಂದು ರಾತ್ರಿಯಿಡೀ ನಿಂತಿದೆ. ಐರೋಪ್ಯ ಕಂಪನಿಯದು, ಟರ್ಬೊ ಪೆಟ್ರೋಲ್, ಮೀಟರು 78 ಸಾವಿರ ತೋರಿಸುತ್ತಿದೆ. ಮಾರುವವರಿಗೆ ಮೇಸ್ತ್ರಿ ಹಾಕಿದ್ದ ಷರತ್ತು ಒಂದೇ: "ಸಂಜೆನೇ ತಂದು ನಿಲ್ಲಿಸ್ಬಿಡಿ ಸಾರ್. ಬೆಳಿಗ್ಗೆ ಸ್ಟಾರ್ಟ್ ಮಾಡೋನು ನಾನು."

ಕೊಳ್ಳಲು ಬಂದ ಹುಡುಗ ಐಟಿ ಕಂಪನಿಯವನು. ಬಂದವನೇ ಅಲಾಯ್ ವೀಲು, ಸನ್‌ರೂಫು, ಕೆಂಪು ಹೊಲಿಗೆಯ ಸೀಟು ನೋಡಿ ಅರ್ಧ ಸೋತಿದ್ದ. ಇಂಥ ಕಾರುಗಳ ಹುಚ್ಚು ಈ ಊರಿಗೆ ಹೊಸದಲ್ಲ. ಪೋಲೊ ಕಾರಿನ ತಯಾರಿಕೆ ನಮ್ಮಲ್ಲಿ 2022ರಲ್ಲಿ ನಿಂತಿತು. 2020ರಲ್ಲಿ ಬಂದ ಆಕ್ಟೇವಿಯಾ ಆರ್‌ಎಸ್ 245 ಇಡೀ ದೇಶಕ್ಕೆ ಸಿಕ್ಕಿದ್ದೇ 200. ಹೊಸದು ಸಿಗುವುದಿಲ್ಲವೆಂದ ಮೇಲೆ ಹಳೆಯದಕ್ಕೇ ಮುಗಿಬೀಳುತ್ತಾರೆ.

ಮೇಸ್ತ್ರಿ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡಿದರು, ತಣ್ಣಗಿತ್ತು. ಒಳಗೆ ಕೂತು ಕೀಲಿಯನ್ನು ಅರ್ಧ ತಿರುಗಿಸಿದ್ದೇ ತಡ, ಸ್ಟೀರಿಯೊ ಅಬ್ಬರಿಸಿತು. ಅದನ್ನು ಆರಿಸಿ, ನಮಗೆಲ್ಲ ಸುಮ್ಮನಿರಲು ಸನ್ನೆ ಮಾಡಿ, ಆಮೇಲೆ ಎಂಜಿನ್ ಎಬ್ಬಿಸಿದರು. ಕರಕರಕರ... ಎರಡು ಸೆಕೆಂಡಿಗೆ ಸದ್ದಡಗಿ ಎಂಜಿನ್ ನಯವಾಗಿ ಓಡತೊಡಗಿತು.

"ಕೇಳಿಸ್ತಾ?"

"ಎಲ್ಲ ಕಾರೂ ಹಂಗೇ ಅಲ್ವಾ ಅಣ್ಣಾ?"

"ಅಲ್ಲ ಸಾರ್. ಅದು ಟೈಮಿಂಗ್ ಚೈನು."

ಚೈನನ್ನು ಬಿಗಿಯಾಗಿಡುವ ಟೆನ್ಷನರ್ ನಡೆಯುವುದು ಆಯಿಲ್ ಒತ್ತಡದಿಂದ. ಅದು ಸೋತಿದ್ದರೆ ರಾತ್ರಿ ಆಯಿಲ್ ಕೆಳಗಿಳಿದ ಮೇಲೆ ಚೈನು ಜೋಲುತ್ತದೆ, ಬೆಳಿಗ್ಗೆ ಒತ್ತಡ ಏರುವ ತನಕ ಹಲುಬುತ್ತದೆ. ಸ್ಟಾರ್ಟ್ ಮಾಡಿ ಬಿಸಿಯಾಗಿಸಿದ ಕಾರನ್ನು ತೋರಿಸಿದರೆ ಆ ಎರಡು ಸೆಕೆಂಡು ಯಾರಿಗೂ ಸಿಗುವುದಿಲ್ಲ. ಯಾವತ್ತೋ ಒಂದು ದಿನ ಚೈನು ಹಲ್ಲು ಜಿಗಿದರೆ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ. ಆಗ ರಿಪೇರಿಗಿಂತ ಬೇರೆ ಎಂಜಿನ್ನೇ ಅಗ್ಗ.

ಟರ್ಬೊ ಕಾರಿನಲ್ಲಿ ಜನ ಹೆದರುವುದು ಟರ್ಬೊಗೆ. ಹೆದರಬೇಕಾದ್ದು ಅದಕ್ಕೆ ಆಯಿಲ್ ಕೊಟ್ಟವನಿಗೆ. ಕಿರುಬೆರಳಿಗಿಂತ ತೆಳ್ಳಗಿನ ಒಂದು ಶಾಫ್ಟು. ಅದರ ಒಂದು ತುದಿಯ ಚಕ್ರವನ್ನು ಎಂಜಿನ್ನಿನ ಬಿಸಿ ಹೊಗೆ ತಿರುಗಿಸುತ್ತದೆ, ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಅದುಮಿ ಎಂಜಿನ್ನಿಗೆ ತುಂಬುತ್ತದೆ. ಹೊಗೆಯ ಬಿಸಿ 900 ಡಿಗ್ರಿ ದಾಟಬಲ್ಲದು, ಶಾಫ್ಟಿನ ವೇಗ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರುತ್ತದೆ. ಇಷ್ಟೆಲ್ಲ ನಡೆಯುವುದು ಆಯಿಲ್‌ನ ಒಂದು ತೆಳುಪದರದ ಮೇಲೆ. ಘಾಟಿಯಲ್ಲಿ ಚಚ್ಚಿ ಓಡಿಸಿ, ಹೋಟೆಲ್ ಮುಂದೆ ಥಟ್ಟನೆ ಆಫ್ ಮಾಡಿದರೆ ಒಳಗೆ ನಿಂತ ಆಯಿಲ್ ಸುಟ್ಟು ಕರಿಯಾಗಿ ಸಣ್ಣ ಕೊಳವೆಯನ್ನು ಕಟ್ಟಿಬಿಡುತ್ತದೆ. ಆಮೇಲೆ 'ಟರ್ಬೊ ಹೋಯ್ತು' ಅಂತ ಅದರ ಮೇಲೇ ದೂರು.

ಓನರುಗಳ ಈ ಅಸಡ್ಡೆಗೆ ದೊಡ್ಡ ಇತಿಹಾಸವೇ ಇದೆ. ಅಮೆರಿಕದಲ್ಲಿ 1962ರಲ್ಲೇ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರು ಮಾರಿತು. ಎಂಜಿನ್ ಬಡಿತ ತಡೆಯಲು ನೀರು-ಮೆಥನಾಲ್ ಬೆರೆಸಿದ ದ್ರವಕ್ಕೆ ಅದರಲ್ಲಿ ಬೇರೆಯೇ ಟ್ಯಾಂಕ್. ಬಹಳ ಮಂದಿ ಅದನ್ನು ತುಂಬಿಸಲೇ ಇಲ್ಲ. ಕೊನೆಗೆ ಕಂಪನಿಯೇ ಎಷ್ಟೋ ಕಾರುಗಳಿಂದ ಟರ್ಬೊ ಕಿತ್ತು ಮಾಮೂಲಿ ಕಾರ್ಬ್ಯುರೇಟರ್ ಕೂರಿಸಿಕೊಟ್ಟಿತು.

ಮೇಸ್ತ್ರಿ ಎಂಜಿನ್ ಆರಿಸಿ, ಗಾಳಿಯ ಪೈಪು ಬಿಚ್ಚಿ, ಒಳಗೆ ಟಾರ್ಚು ಬಿಟ್ಟರು. ಹೂವಿನ ಎಸಳಿನಂಥ ರೆಕ್ಕೆಗಳ ಪುಟ್ಟ ಚಕ್ರ ಹೊಳೆಯಿತು. ಎರಡು ಬೆರಳಲ್ಲಿ ಅದರ ಮೂತಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿದರು, ಕೂದಲೆಳೆಯಷ್ಟು ಆಟ. "ಇಷ್ಟಿರ್ಬೇಕು." ಹಿಂದೆ ಮುಂದೆ ಎಳೆದು ನೋಡಿದರು, ಕದಲಲಿಲ್ಲ. ರೆಕ್ಕೆಯ ಅಂಚು ಗೋಡೆಗೆ ಉಜ್ಜಿದ ಗುರುತಿಲ್ಲ. ಪೈಪಿನ ಒಳಗೆ ಒಂದಿಷ್ಟು ಜಿಡ್ಡಿತ್ತು, ಅದು ಮಾಮೂಲು. ಟರ್ಬೊ ಚೆನ್ನಾಗೇ ಇದೆ ಅಂದರು. ಹುಡುಗನ ಮುಖ ಅರಳಿತು.

ಅಷ್ಟರಲ್ಲಿ ಅವರ ಕಣ್ಣು ಕೆಳಗೆ ಸೈಲೆನ್ಸರ್ ಪೈಪಿನ ಬೋಲ್ಟುಗಳ ಮೇಲೆ ಹೋಯಿತು. ಸುತ್ತಲಿನದೆಲ್ಲ ತುಕ್ಕು ಹಿಡಿದಿದೆ, ಇವು ಮಾತ್ರ ಪಳಪಳ. ತಲೆಗಳ ಮೇಲೆ ಪಾನಾ ಹಿಡಿದ ಹೊಸ ಗೀರು. ಯಾರೋ ದೊಡ್ಡ ಪೈಪು ಹಾಕಿಸಿ, ಪವರ್ ಏರಿಸಲು ಎಂಜಿನ್ನಿನ ಕಂಪ್ಯೂಟರನ್ನೇ ತಿದ್ದುವ ರಿಮ್ಯಾಪ್ ಮಾಡಿಸಿ, ಮಾರುವ ಮುನ್ನ ಎಲ್ಲವನ್ನೂ ಹಳೆಯ ಹಾಗೆ ಜೋಡಿಸಿದ್ದಾರೆ. ಹಾಗಂತ ಬಾಯಿಬಿಟ್ಟು ಹೇಳದೆ ಮೇಸ್ತ್ರಿ ಸ್ಕ್ಯಾನರ್ ಚುಚ್ಚಿದರು. ಒಂದು ಫಾಲ್ಟ್ ಕೋಡೂ ಇಲ್ಲ. ಆದರೆ ಕೋಡ್ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಎಂಬ ಲೆಕ್ಕವನ್ನೂ ಕಾರು ಇಟ್ಟುಕೊಂಡಿರುತ್ತದೆ: 11 ಕಿಲೊಮೀಟರ್.

"ನಿಮ್ಮನೆ ಇಲ್ಲಿಗೆ ಎಷ್ಟು ದೂರ ಆಗುತ್ತೆ ಸಾರ್?"

"ಹತ್ತು... ಹನ್ನೊಂದು," ಎಂದ ಮಾರುವವರು ಫೋನು ಬಂದಂತೆ ಹೊರಗೆ ನಡೆದರು.

ಉಳಿದದ್ದು ಓಡಿಸಿ ನೋಡುವುದು. ಸಿಲ್ಕ್ ಬೋರ್ಡಿನ ಆಮೆನಡಿಗೆಗಿಂತ ಒಳ್ಳೆಯ ಪರೀಕ್ಷೆ ಎಲ್ಲಿದೆ? ಇದರದು ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್ಚು, ಅದೂ ಜೋಡಿ. ಇಂಚಿಂಚು ಸರಿಯುವಾಗ ಸವೆಸವೆದು ಕಾಯುತ್ತದೆ. ಒಂದರಿಂದ ಎರಡನೇ ಗೇರಿಗೆ ಬಿದ್ದಾಗಲೆಲ್ಲ ಕಾರು ಚಳಿಜ್ವರ ಬಂದಂತೆ ನಡುಗಿತು. ಹಿಂದಿನ ಸೀಟಿನಿಂದ ಮೇಸ್ತ್ರಿ, "ಬರ್ಕೊಳ್ಳಿ," ಅಂದರು. ಆಮೇಲೆ ಎಲೆಕ್ಟ್ರಾನಿಕ್ ಸಿಟಿ ಕಡೆಗಿನ ಮೇಲ್ಸೇತುವೆ ಹತ್ತಿತು. ಮುಂದೆ ಜಾಗ ಸಿಕ್ಕಿ, ಹುಡುಗ ಕಾಲೊತ್ತಿದ. ಒಂದು ಕ್ಷಣ ಏನೂ ಇಲ್ಲ. ಮರುಕ್ಷಣ ಸಣ್ಣ ಶಿಳ್ಳೆ, ಬೆನ್ನು ಸೀಟಿಗಂಟಿತು. ಕನ್ನಡಿಯಲ್ಲಿ ಅವನ ಹಲ್ಲು ಕಂಡಿತು.

ಗ್ಯಾರೇಜಿಗೆ ಮರಳಿದ ಮೇಲೆ ಮೇಸ್ತ್ರಿ ಬೆರಳು ಮಡಚುತ್ತ ಹೇಳಿದರು. ಚೈನ್ ಕಿಟ್ಟು. ಕ್ಲಚ್ಚು. ಇದು ನೇರ ಇಂಜೆಕ್ಷನ್ ಎಂಜಿನ್ನಾದ್ದರಿಂದ ವಾಲ್ವುಗಳನ್ನು ಪೆಟ್ರೋಲು ತೊಳೆಯುವುದಿಲ್ಲ, ಕಾರ್ಬನ್ ಕೆರೆಸಬೇಕು. ಇಗ್ನಿಷನ್ ಕಾಯಿಲ್ ನಾಲ್ಕೂ ಬದಲಿಸಿದರೆ ಒಳ್ಳೆಯದು. ಆಯಿಲನ್ನು ಬುಕ್ಕಿನಲ್ಲಿರುವ 15 ಸಾವಿರಕ್ಕಲ್ಲ, ಅದರ ಅರ್ಧಕ್ಕೇ ಬದಲಿಸಿ. ಹುಡುಗ ಎಲ್ಲಕ್ಕೂ ತಲೆಯಾಡಿಸಿದ, ಫೋನಿನಲ್ಲಿ ಬರೆದುಕೊಂಡ.

"ಇದೆಲ್ಲ ಮಾಡಿಸ್ತೀನಿ ಅಣ್ಣಾ," ಎಂದ. "ಆಮೇಲೆ ರಿಮ್ಯಾಪ್ ಮಾಡಿಸಿದ್ರೆ ಎಷ್ಟು ಪವರ್ ಜಾಸ್ತಿ ಆಗುತ್ತೆ?"