ಯೂನಿವರ್ಸ್ 66: ವಾಲಿದ ದಪ್ಪಕ್ಷರದ ವಿನ್ಯಾಸ

ಗೆರೆಗಳ ತುದಿಯಲ್ಲಿ ಚಿಕ್ಕ ಅಡ್ಡಚಾಚುಗಳಿಲ್ಲದ ರೋಮನ್ ಮುದ್ರಾಕ್ಷರಗಳಿಗೆ ಸಾನ್ಸ್ ಸೆರಿಫ್ ಎಂಬ ಹೆಸರಿದ್ದು, ಸ್ವಿಟ್ಜರ್ಲೆಂಡಿನ ಏಡ್ರಿಯನ್ ಫ್ರುಟಿಗರ್ ರೂಪಿಸಿದ, 1957ರಲ್ಲಿ ಪ್ಯಾರಿಸಿನಿಂದ ಹೊರಬಂದ ಯೂನಿವರ್ಸ್ ಈ ವರ್ಗದ ಅತ್ಯಂತ ವಿಚಾರಪೂರ್ಣ ಕೃತಿಗಳಲ್ಲೊಂದು. ಅದರ 21 ರೂಪಗಳನ್ನು ಎರಡಂಕಿಯ ಸಂಖ್ಯೆಗಳಿಂದ ಗುರುತಿಸಲಾಯಿತು. ಮೊದಲ ಅಂಕಿ ಗೆರೆಯ ದಪ್ಪವನ್ನೂ ಎರಡನೆಯದು ಅಗಲ ಮತ್ತು ನಿಲುವನ್ನೂ ಸೂಚಿಸುವುದರಿಂದ, 65 ನೆಟ್ಟಗೆ ನಿಂತ ದಪ್ಪಕ್ಷರವಾದರೆ 66 ಅದೇ ದಪ್ಪದಲ್ಲಿ ಬಲಕ್ಕೆ ವಾಲಿದ್ದು, ಅಂದರೆ ಬೋಲ್ಡ್ ಇಟಾಲಿಕ್.

ನೆಟ್ಟಗಿನ ಅಕ್ಷರವನ್ನು ಯಾಂತ್ರಿಕವಾಗಿ ಓರೆ ಮಾಡಿದರೆ ಸಾಕೆಂಬ ಭಾವನೆ ಸರಿಯಲ್ಲ. ದಪ್ಪನೆಯ 'ಓ' ಅಕ್ಷರದ ಉಂಗುರವನ್ನು ಹಾಗೆ ವಾಲಿಸಿದಾಗ ಮೇಲಿನ ಬಲ ಮತ್ತು ಕೆಳಗಿನ ಎಡ ಭಾಗಗಳು ಉಬ್ಬಿ, ಉಳಿದೆರಡು ಮೂಲೆಗಳು ಸೊರಗುತ್ತವೆ. ಗೆರೆ ದಪ್ಪವಾದಷ್ಟೂ ಈ ವಿಕಾರ ಎದ್ದು ಕಾಣುವುದರಿಂದ, ನುರಿತ ವಿನ್ಯಾಸಕರು ಪ್ರತಿಯೊಂದು ತಿರುವನ್ನೂ ಕಣ್ಣಳತೆಯಿಂದ ತಿದ್ದುತ್ತಾರೆ. ಕಂಪ್ಯೂಟರಿನ ಒಂದು ಗುಂಡಿಯೊತ್ತಿ ಪಡೆಯುವ ಕೃತಕ ಓರೆಗೆ ಈ ಆರೈಕೆ ದಕ್ಕುವುದಿಲ್ಲ.

ಇಂಥ ಅಕ್ಷರ ದೀರ್ಘ ಓದಿಗೆ ಒಗ್ಗುವುದಿಲ್ಲ. ಶೀರ್ಷಿಕೆ, ಜಾಹೀರಾತು, ಭಿತ್ತಿಪತ್ರಗಳಲ್ಲಿ ಕೆಲವೇ ಪದಗಳಿಗೆ ಒತ್ತು ಮತ್ತು ವೇಗವನ್ನು ಕೊಡುವುದೇ ಅದರ ನಿಜವಾದ ಬಲ. ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್, ಫ್ಯೂಚುರಾ ಎಂಬ ಇನ್ನೊಂದು ಸಾನ್ಸ್ ಸೆರಿಫ್‌ನ ದಪ್ಪ ಓರೆ ರೂಪವನ್ನು ಕೆಂಪು ಪಟ್ಟಿಯ ಮೇಲೆ ಬಿಳಿಯಾಗಿ, ಕಪ್ಪು-ಬಿಳುಪು ಛಾಯಾಚಿತ್ರಗಳಿಗೆ ಅಡ್ಡಲಾಗಿ ಬಳಸಿ, ಜಾಹೀರಾತಿನ ಭಾಷೆಯಿಂದಲೇ ಅಧಿಕಾರವನ್ನು ಪ್ರಶ್ನಿಸಿದರು.