ಒಂದು ಲೋಟ ರಸದ ಸಕ್ಕರೆ ಲೆಕ್ಕ

ಕ್ಯಾನ್ಸರ್ ಎಂದು ಗೊತ್ತಾದ ಮನೆಗೆ ನೆಂಟರು ಹಣ್ಣಿನ ಜೊತೆ ಸಲಹೆಯನ್ನೂ ತರುತ್ತಾರೆ: ಕ್ಯಾರೆಟ್, ಬೀಟ್‌ರೂಟ್ ರಸ ಕುಡಿಸಿ. ಹಳೇಕೋಟೆಯಂಥ ಊರುಗಳ ಕಡೆಯಿಂದ ಹಾಸನಕ್ಕೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಕಿಮೋಗೆ ಓಡಾಡುವವರಿಗೂ ಇದು ತಪ್ಪಿದ್ದಲ್ಲ. ಪ್ರೀತಿ ನಿಜ, ಲೆಕ್ಕ ಬೇರೆ.

ಕಿತ್ತಳೆಯನ್ನೇ ನೋಡಿ: 200 ಮಿ.ಲೀ. ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆಯಿದೆ, ಅಂದರೆ ನಾಲ್ಕು ಟೀ ಚಮಚ. ಇಡೀ ಹಣ್ಣು ತಿಂದರೆ ನಾರು ಅದನ್ನು ರಕ್ತಕ್ಕೆ ನಿಧಾನವಾಗಿ ಬಿಡುತ್ತದೆ. ಸೋಸಿದರೆ ಹೆಚ್ಚಿನ ನಾರು ಚರಟದ ಪಾಲು. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ಹಣ್ಣಿನ ರಸದ ಸಕ್ಕರೆಯನ್ನು ಮಿತಿಯಲ್ಲಿಡಬೇಕಾದ ಸಕ್ಕರೆಯೆಂದು ಜೇನುತುಪ್ಪದ ಸಾಲಿಗೇ ಸೇರಿಸಿದೆ.

ಇದರ ಮೇಲೆ ಕಿಮೋ ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಶುಗರ್ ಏರಿಸಬಲ್ಲದು. ಬೆಳಿಗ್ಗೆ ಕೊಟ್ಟರೆ ಏರಿಕೆ ಹೆಚ್ಚಾಗಿ ಮಧ್ಯಾಹ್ನ, ಸಂಜೆ. ಖಾಲಿ ಹೊಟ್ಟೆಯ ಪರೀಕ್ಷೆಯೊಂದನ್ನೇ ನಂಬಿದವರಿಗೆ ಅದು ಕಾಣದೇ ಹೋಗಬಹುದು!

ಹಾಗಂತ ರಸ ನಿಷಿದ್ಧವಲ್ಲ. ಬಾಯಿ ಹುಣ್ಣಾಗಿ ಅನ್ನ ಇಳಿಯದವರಿಗೆ ಅದೇ ಆಸರೆ. ಉಳಿದವರಿಗೆ ಸೌತೆಕಾಯಿ, ಸೊಪ್ಪು ಹೆಚ್ಚು, ಹಣ್ಣು ಕಡಿಮೆ. ಸೋಸದೆ, ಅರ್ಧ ಲೋಟ, ಊಟದ ಜೊತೆ. ಇನ್ಸುಲಿನ್‌ನಿಂದ ಶುಗರ್ 70ಕ್ಕಿಂತ ಕೆಳಗಿಳಿದರೆ ಸಿಹಿ ಹಣ್ಣಿನ ರಸವೇ ತುರ್ತು ಮದ್ದು.

ಕಿಮೋದಿಂದ ಬಿಳಿ ರಕ್ತಕಣ ಕುಸಿದಾಗ ಸೋಂಕಿನ ಭಯವಿರುವುದರಿಂದ ಬಸ್ ನಿಲ್ದಾಣದ ಹಸಿ ಜ್ಯೂಸ್ ಬೇಡ. ಕಹಿಯಾದ ಸೋರೆಕಾಯಿ ರಸವಂತೂ ಯಾರಿಗೂ ಸಲ್ಲದ ವಿಷ.