ವಿದ್ವಾಂಸರಿಗೊಂದು ಜಾಲತಾಣ, ತಳಿಯಿಂದ ನೋಡಿದಂತೆ

ತಳಿಯ ಕನ್ನಡ ಅಧ್ಯಾಪಕರೊಬ್ಬರು ತಮ್ಮ ಸೀಮೆಯ ವೀರಗಲ್ಲುಗಳ ಮೇಲೆ ಲೇಖನ ಬರೆದರೆ ಅದನ್ನು ಹುಡುಕಿಕೊಂಡು ಎಲ್ಲಿಗೆ ಹೋಗಬೇಕು? ಊರಿರುವುದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ. ಬರಹ ಅಚ್ಚಾಗುವುದು ಗಡಿಯಾಚೆ, ಕರ್ನಾಟಕದ ಯಾವುದೋ ಪತ್ರಿಕೆಯಲ್ಲೋ ಅಭಿನಂದನ ಗ್ರಂಥದಲ್ಲೋ. ಹೀಗೆ ಎರಡು ರಾಜ್ಯಗಳ ನಡುವೆ ಚದುರಿಹೋಗುವ ದುಡಿಮೆಗೆ ಸ್ವಂತದ್ದೊಂದು ಜಾಲತಾಣ ಬೇಕೇ ಬೇಕು. ದೊಡ್ಡ ವಿಶ್ವವಿದ್ಯಾಲಯದಲ್ಲಿ ಇರುವವರಿಗಿಂತ ಗಡಿನಾಡಿನವರಿಗೇ ಅದರ ಅಗತ್ಯ ಹೆಚ್ಚು.

ವೆಬ್ ಹುಟ್ಟಿದ್ದೇ ವಿದ್ವಾಂಸರಿಗಾಗಿ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅದನ್ನು ಕಟ್ಟಿದ್ದು ವಿಜ್ಞಾನಿಗಳು ಬರಹ, ಮಾಹಿತಿ ಹಂಚಿಕೊಳ್ಳಲಿ ಎಂದು. 1993ರ ಏಪ್ರಿಲ್ 30ರಂದು ಸರ್ನ್ ಆ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಕನ್ನಡದ ಮೊದಲ ಜಾಲತಾಣ 'ವಿಶ್ವಕನ್ನಡ'ವನ್ನು 1996ರಲ್ಲಿ ತಂದವರೂ ವಿಜ್ಞಾನಿಯೇ: ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿದ್ದ ಯು. ಬಿ. ಪವನಜ.

ಆಗ ಪುಟ ಕಟ್ಟುವುದೆಂದರೆ ಎಚ್‌ಟಿಎಂಎಲ್ ಎಂಬ ಸಂಕೇತಭಾಷೆ ಕಲಿತು ಸಾಲು ಸಾಲಾಗಿ ಬರೆಯುವುದು. ಕನ್ನಡದವರಿಗೆ ಇನ್ನೊಂದು ತೊಡಕೂ ಇತ್ತು. ಒಂದೊಂದು ತಾಣಕ್ಕೆ ಒಂದೊಂದು ಫಾಂಟು. ಅದನ್ನು ಇಳಿಸಿಕೊಳ್ಳದಿದ್ದರೆ ಒತ್ತಕ್ಷರವಿರಲಿ, ಅಕ್ಷರವೇ ಕಾಣುತ್ತಿರಲಿಲ್ಲ. ಹುಡುಕುಯಂತ್ರಕ್ಕೂ ಅದು ಕನ್ನಡವೆಂದು ತಿಳಿಯುತ್ತಿರಲಿಲ್ಲ. ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿತ್ತು. ಆದರೆ ವಿಂಡೋಸ್ ಎಕ್ಸ್‌ಪಿಯೊಂದಿಗೆ 'ತುಂಗಾ' ಫಾಂಟು ಬಂದ ಮೇಲೆಯೇ ಸಾಮಾನ್ಯ ಗಣಕಗಳಲ್ಲಿ ಅದು ಬಳಕೆಗೆ ಒದಗಿತು.

ತಾಣ ಕಟ್ಟುವ ಕೆಲಸವೂ ಹಗುರವಾಗುತ್ತ ಬಂತು. 2008ರಲ್ಲಿ, ಸಂಕೇತಭಾಷೆ ಅರಿಯದೆಯೂ ತಾಣ ಕಟ್ಟಬಹುದಾದ ಗೂಗಲ್ ಸೈಟ್ಸ್ ಎಲ್ಲರಿಗೂ ಪುಕ್ಕಟೆಯಾಗಿ ದಕ್ಕಿತು. ಅದೇ ವರ್ಷ ಬಂದ ಗಿಟ್‌ಹಬ್ ಪೇಜಸ್‌ನಲ್ಲಿ ಬಾಡಿಗೆಯಿಲ್ಲದೆ ತಾಣ ಇರಿಸಬಹುದಾಯಿತು. 2016ರಲ್ಲಿ ಜಾರ್ಜ್ ಕುಶೆನ್ ಅಧ್ಯಾಪಕರು, ಸಂಶೋಧಕರಿಗೆಂದೇ 'ಹ್ಯೂಗೋ ಅಕಾಡೆಮಿಕ್' ಎಂಬ ತಾಣದ ಮಾದರಿ ರೂಪಿಸಿದರು. ಈಗ ಅದು ಹ್ಯೂಗೋ ಬ್ಲಾಕ್ಸ್ ಆಗಿ ಬೆಳೆದಿದೆ. ಪ್ರಬಂಧಗಳ ಬಿಬ್‌ಟೆಕ್ ನಮೂನೆಯ ಪಟ್ಟಿ ಒಂದನ್ನು ಕೊಟ್ಟರೆ ಒಂದೊಂದು ಪ್ರಬಂಧಕ್ಕೂ ಪುಟ ತಾನೇ ಸಿದ್ಧವಾಗುತ್ತದೆ. ಒಂದೇ ತಾಣ ಹಲವು ಭಾಷೆಗಳಲ್ಲಿ ಇರಬಹುದು, ಮೊಬೈಲಿನಲ್ಲೂ ನೆಟ್ಟಗೆ ಕಾಣುತ್ತದೆ. ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳುವ ತಳಿಯಂಥ ಊರಿನವರಿಗೆ ಬಹುಭಾಷೆಯ ಈ ಅನುಕೂಲ ಚಿಕ್ಕದಲ್ಲ.

ನನ್ನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡ ಸುಧಾರಣೆ ಹೆಸರಿಗೆ ಸಂಬಂಧಿಸಿದ್ದು. ಕನ್ನಡದ ವಿದ್ವಾಂಸ ತೀ. ನಂ. ಶ್ರೀಕಂಠಯ್ಯ ಎಂದರೆ ತೀರ್ಥಪುರ ಊರು, ನಂಜುಂಡಯ್ಯ ತಂದೆ, ಶ್ರೀಕಂಠಯ್ಯ ಸ್ವಂತ ಹೆಸರು. ಇದರಲ್ಲಿ ಮನೆತನದ ಹೆಸರು ಯಾವುದು? ಯಾವುದೂ ಅಲ್ಲ. ಆದರೂ ಪಾಶ್ಚಾತ್ಯ ಪದ್ಧತಿಯ ಅರ್ಜಿ ಅದನ್ನೇ ಕೇಳುತ್ತದೆ. ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಊರಿನ ಹೆಸರು ತುಂಬಿ, ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಕಾಗುಣಿತ ಬರೆದು, ಒಬ್ಬರೇ ವಿದ್ವಾಂಸರು ಪಟ್ಟಿಗಳಲ್ಲಿ ನಾಲ್ಕು ಮಂದಿಯಾಗಿಬಿಡುತ್ತಾರೆ. 2012ರಲ್ಲಿ ಶುರುವಾದ ಆರ್ಕಿಡ್ ಸಂಶೋಧಕರಿಗೆ 16 ಅಂಕಿಗಳ ಗುರುತು ಕೊಡುತ್ತದೆ. ಅಲ್ಲಿ ಮನೆತನದ ಹೆಸರು ಕಡ್ಡಾಯವಲ್ಲ, ಬೇರೆ ಬೇರೆ ರೂಪದ ಹೆಸರುಗಳನ್ನೂ ಜೊತೆಗೆ ನಮೂದಿಸಬಹುದು. ತಾಣದಲ್ಲಿ ಆ ಸಂಖ್ಯೆ ಇದ್ದರೆ ಚದುರಿದ ನಾಲ್ವರೂ ಒಬ್ಬರಾಗುತ್ತಾರೆ.

ಇಷ್ಟಾದರೂ ಒಂದು ಬಾಗಿಲು ಇನ್ನೂ ಮುಚ್ಚಿದೆ. ಹೊಸ ಸಲಕರಣೆಗಳು ಪ್ರಬಂಧದ ವಿವರವನ್ನು ತಾವಾಗಿಯೇ ತಂದುಕೊಳ್ಳುವುದು ಡಿಒಐ ಎಂಬ ಶಾಶ್ವತ ಸಂಖ್ಯೆಯಿಂದ. ಕನ್ನಡದ ಎಷ್ಟೋ ವಿದ್ವತ್ ಪತ್ರಿಕೆಗಳ ಲೇಖನಗಳಿಗೆ ಅದಿಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಬರೆದವರ ಪಟ್ಟಿ ಕ್ಷಣದಲ್ಲಿ ತುಂಬಿದರೆ, ತಳಿಯ ಅಧ್ಯಾಪಕರು ಪತ್ರಿಕೆ, ಸಂಪುಟ, ಸಂಚಿಕೆ, ಪುಟ ಎಂದು ಒಂದೊಂದನ್ನೂ ಕೈಯಾರೆ ಬರೆಯಬೇಕು. ಇದು ಲೇಖಕರು ಒಬ್ಬರೇ ಸರಿಪಡಿಸುವಂಥದ್ದಲ್ಲ. ಪತ್ರಿಕೆ ಹೊರಡಿಸುವ ಸಂಸ್ಥೆ ಕ್ರಾಸ್‌ರೆಫ್‌ನಂಥ ನೋಂದಣಿ ಸಂಸ್ಥೆಯ ಸದಸ್ಯತ್ವ ಪಡೆದು, ವರ್ಷಕ್ಕಿಷ್ಟು ಶುಲ್ಕ ಕಟ್ಟಬೇಕು. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳೂ ಕನ್ನಡ ಅಧ್ಯಯನ ಸಂಸ್ಥೆಗಳೂ ಆ ಖರ್ಚು ಹೊರಲೇಬೇಕು. ಹಳೆಯ ಸಂಚಿಕೆಗಳ ಲೇಖನಗಳಿಗೂ ಈ ಸಂಖ್ಯೆ ಕೊಡಲು ಅವಕಾಶವಿದೆ.